ಕೊಸರಜ್ಜನ ಹಾಲು

ಬೀದಿಯ ಮಂದಿಗೆ ಅವನ ನಿಜವಾದ ಹೆಸರು ಮರೆತೇಹೋಗಿತ್ತು. ನಲವತ್ತು ವರ್ಷದಿಂದ ಸೈಕಲ್ಲಿನ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದವನನ್ನು ಎಲ್ಲರೂ ಕೊಸರಜ್ಜ ಎಂದೇ ಕರೆಯುತ್ತಿದ್ದರು. ಒಂದು ಲೀಟರ್ ಅಂದರೆ ಒಂದು ಲೀಟರ್ ಅಳೆದು ಸುಮ್ಮನಾಗುವ ಜಾಯಮಾನ ಅವನದಲ್ಲ. ಅಳತೆ ಪಾತ್ರೆಯನ್ನು ಗಿರಾಕಿಯ ಪಾತ್ರೆಗೆ ಪೂರ್ತಿ ಬಗ್ಗಿಸಿ, ಮತ್ತೊಮ್ಮೆ ಕ್ಯಾನಿಗೆ ಅದ್ದಿ, ಎರಡು ಬೆರಳಿನಷ್ಟು ಹಾಲೆತ್ತಿ ಅದನ್ನೂ ಸುರಿದು, "ಇದು ಕೊಸರು" ಅನ್ನುತ್ತಿದ್ದ. ಸಾಕು ಅಜ್ಜಾ ಅಂದವರಿಗೆ ಇನ್ನೊಂದು ಚೂರು ಜಾಸ್ತಿಯೇ ಬೀಳುತ್ತಿತ್ತು. "ನಿಮ್ಮ ಕೈಗೆ ನಿಲ್ಲಿಸೋದೇ ಗೊತ್ತಿಲ್ಲ" ಎಂದು ಹೆಂಡತಿ ಬದುಕಿರುವಷ್ಟು ದಿನವೂ ಗೊಣಗಿ, ಗೊಣಗುತ್ತಲೇ ಕಣ್ಣುಮುಚ್ಚಿದ್ದಳು.

ಮನೆಯೆಂದರೆ ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಮೂರು ಹಸು. ಮಗ ಲಾರಿ ಡ್ರೈವರ್. ಹದಿನೈದು ದಿನಕ್ಕೊಮ್ಮೆ ಡೀಸೆಲ್ ವಾಸನೆ ಹೊತ್ತು ಬಂದು, ಎರಡು ದಿನ ಗೊರಕೆ ಹೊಡೆದು ಮತ್ತೆ ಹೊರಡುತ್ತಿದ್ದ. ಸೊಸೆ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ದಿನಕ್ಕೆ ನಾನೂರು ಕಾಲರ್ ಹೊಲಿದೂ ಹೊಲಿದೂ, ಮನೆಗೆ ಬಂದ ಮೇಲೂ ಅವಳ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಹೆರಿಗೆ ರಜೆ ಮುಗಿದ ದಿನ ಅವಳು ಐದು ತಿಂಗಳ ಹೆಣ್ಣುಕೂಸನ್ನು ಮಾವನ ತೊಡೆಯ ಮೇಲಿಟ್ಟು, ತಿರುಗಿ ನೋಡದೆ ಬಸ್ಸು ಹತ್ತಿದ್ದಳು. ತಿರುಗಿ ನೋಡಿದ್ದರೆ ಹೋಗುತ್ತಿರಲಿಲ್ಲ.

ಆವತ್ತಿನಿಂದ ಕೂಸು ಅಜ್ಜನದು. ಬೆಳಗ್ಗೆ ಎಂಟಕ್ಕೆ ಹಾಲು ಹಾಕಿ ಬರುವುದು, ಸೊಸೆಯನ್ನು ಕಳಿಸುವುದು, ಆಮೇಲೆ ಸಂಜೆ ಆರರವರೆಗೆ ಕೂಸು, ಹಸು, ಕೂಸು, ಹಸು. ಎದೆಹಾಲು ಬಿಟ್ಟ ಮಗುವಿಗೆ ಏನು ಕೊಡಬೇಕೆಂದು ಹಾಲಿನವನಿಗೆ ಯಾರು ಹೇಳಬೇಕು! ಕರೆದ ಹಾಲು, ಕಾಯಿಸಿ ಆರಿಸಿದ ಹಾಲು, ನೀರು ಸೋಕಿಸದ ಹಾಲು. ಬೆಳಗ್ಗೆ ಒಂದು ಬಾಟಲಿ, ಹತ್ತಕ್ಕೆ ಒಂದು, ಮಧ್ಯಾಹ್ನ ಎರಡು, ಸಂಜೆ ಒಂದು. ಪ್ರತಿ ಬಾಟಲಿಯ ಹಿಂದೆ ಲೋಟದಲ್ಲಿ ಎರಡು ಗುಟುಕು ಕೊಸರು. ಸೊಸೆ ಬೇಳೆ ಹಿಚುಕಿ ಇಟ್ಟು ಹೋದರೆ ಕೂಸು ಬಾಯಿ ಬಿಡುತ್ತಿರಲಿಲ್ಲ. ಹೊಟ್ಟೆ ತುಂಬಿದ ಮಗು ಬಾಯಿ ಯಾಕಾದರೂ ಬಿಟ್ಟೀತು? "ಬೇಡ ಅಂತೆ, ಅವಳಿಗೆ ಹಾಲೇ ಸಾಕಂತೆ" ಎಂದು ಅಜ್ಜ ಬೇಳೆಯನ್ನು ತಾನೇ ತಿಂದು ಮುಗಿಸುತ್ತಿದ್ದ.

ಕೂಸು ದುಂಡಗೆ, ಬೆಳ್ಳಗೆ ಬೆಳೆಯಿತು. ಬೀದಿಯವರು ಬೆಣ್ಣೆ ಎಂದು ಕರೆದರು. ಆ ಹೆಸರೇ ನಿಂತಿತು. ಅಳುವುದಿಲ್ಲ, ಹಟ ಮಾಡುವುದಿಲ್ಲ, ಕೂರಿಸಿದಲ್ಲಿ ಕೂತಿರುತ್ತದೆ. ಇಂಥ ಮಗು ಇದ್ದರೆ ಹತ್ತು ಸಾಕಬಹುದು ಎಂದು ಪಕ್ಕದ ಮನೆಯ ಇಸ್ತ್ರಿಯವಳು ದೃಷ್ಟಿ ತಾಗುವಷ್ಟು ಹೊಗಳಿದಳು. ಹದಿಮೂರು ತಿಂಗಳಾದರೂ ಎದ್ದು ನಿಲ್ಲದಿದ್ದಾಗ, "ದಪ್ಪ ಇದಾಳಲ್ಲ, ಭಾರ" ಅಂದ ಅಜ್ಜ. ಕೊಟ್ಟಿಗೆಯ ಗೋಡೆಯ ಸುಣ್ಣ ಕೆರೆದು ಬಾಯಿಗೆ ಹಾಕಿಕೊಂಡಾಗ ಬೆರಳು ಹಾಕಿ ತೆಗೆದ. ಮರುದಿನ ಮತ್ತೆ ಕೆರೆದಳು, ಮತ್ತೆ ತೆಗೆದ. ಮಕ್ಕಳೆಂದರೆ ಮಣ್ಣು ತಿನ್ನುವುದೇ ಎಂದು ಅವನ ತೀರ್ಮಾನ. ಯಾವ ತಪ್ಪಿಗೂ ಇಷ್ಟು ಒಳ್ಳೆಯ ಕಾರಣಗಳು ಸಿಗಬಾರದು.

ಲಸಿಕೆ ಹಾಕಿಸುವ ದಿನ ಸೊಸೆ ಅರ್ಧ ದಿನ ರಜೆ ತೆಗೆದುಕೊಂಡಳು. ಕೂಸು ಭಾರ ಎಂಬ ನೆಪ ಮಾಡಿಕೊಂಡು ಅಜ್ಜನೂ ಹೊರಟ. ನಿಜ ಹೇಳಬೇಕೆಂದರೆ ಅವನಿಗೆ ನಾಲ್ಕು ಜನರ ಮುಂದೆ ಬೆಣ್ಣೆಯನ್ನು ಎತ್ತಿಕೊಂಡು ಕೂರಬೇಕಿತ್ತು. ಆರೋಗ್ಯ ಕೇಂದ್ರದ ಉದ್ದ ಬೆಂಚಿನಲ್ಲಿ ಕಡ್ಡಿಯಂಥ ಮಕ್ಕಳು ಕಿರುಚುತ್ತಿದ್ದವು. ಅವುಗಳ ನಡುವೆ ತನ್ನ ಮೊಮ್ಮಗಳು ಸದ್ದಿಲ್ಲದೆ ಕೂತಿದ್ದಳು. ಅಜ್ಜನ ಮೀಸೆ ತಾನಾಗಿ ಮೇಲೆದ್ದಿತು.

ನರ್ಸಮ್ಮ ನಗುತ್ತಲೇ ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡವಳ ನಗು ಅಲ್ಲೇ ನಿಂತಿತು. ಮಗುವಿನ ಅಂಗೈ ಬಿಡಿಸಿ ನೋಡಿದಳು. ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ನೋಡಿದಳು.

"ಇವಳು ಯಾವಾಗ್ಲೂ ಹೀಗೇ ಇರ್ತಾಳಾ?"

"ಹೀಗೇ ಅಂದ್ರೆ?" ಅಂದಳು ಸೊಸೆ.

"ಇಷ್ಟು ಬೆಳ್ಳಗೆ."

ಅಜ್ಜ ಬಾಯಿ ಹಾಕಿದ. "ಹುಟ್ಟಿದಾಗ ಕೆಂಪಗಿದ್ಲಮ್ಮ. ಹಾಲು ಕುಡಿದೂ ಕುಡಿದೂ ಬೆಳ್ಳಗಾದ್ಲು." ತನ್ನ ಮಾತಿಗೆ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ನರ್ಸಮ್ಮ ಕೂಸಿನ ಬೆರಳು ಚುಚ್ಚಿದಳು. ಬಂದ ಹನಿಯನ್ನು ಅಜ್ಜ ನೋಡಿದ. ರಕ್ತವೆಂದರೆ ಹೀಗಿರುತ್ತದೆಯೇ? ನೀರಿಗೆ ಒಂದಿಷ್ಟು ಬಣ್ಣ ಬಿಟ್ಟಂತೆ ತೆಳ್ಳಗಿತ್ತು. ಸೋಪಿನ ಗಾತ್ರದ ಯಂತ್ರ ಕುಂಯ್ ಎಂದು ಒಂದು ಅಂಕಿ ತೋರಿಸಿತು. ನರ್ಸಮ್ಮ ಯಂತ್ರವನ್ನು ಅಂಗೈಗೆ ತಟ್ಟಿದಳು, ಪಕ್ಕದ ಕೋಣೆಯಿಂದ ಇನ್ನೊಂದು ಯಂತ್ರ ತಂದಳು, ಇನ್ನೊಂದು ಬೆರಳು ಚುಚ್ಚಿದಳು. ಮತ್ತೆ ಅದೇ ಅಂಕಿ. ಐದು ಪಾಯಿಂಟ್ ಎರಡು.

"ಎಷ್ಟಿರಬೇಕು?" ಸೊಸೆ ಕೇಳಿದಳು.

"ಹನ್ನೊಂದು." ನರ್ಸಮ್ಮ ಆಗಲೇ ಬಾಗಿಲಲ್ಲಿದ್ದಳು. "ಲಸಿಕೆ ಆಮೇಲೆ ನೋಡೋಣ. ಮೊದಲು ಡಾಕ್ಟರ ಹತ್ರ ಬನ್ನಿ. ಈಗಲೇ ಬನ್ನಿ."

ಸಾಲಿನಲ್ಲಿ ಕಾಯುತ್ತಿದ್ದವರನ್ನೆಲ್ಲ ದಾಟಿಸಿ ಅವರನ್ನು ಒಳಗೆ ಕರೆದೊಯ್ದರು. ಆಸ್ಪತ್ರೆಯಲ್ಲಿ ಸಾಲು ತಪ್ಪಿಸಿ ಕರೆದರೆ ಅದು ಮರ್ಯಾದೆಯಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಡಾಕ್ಟರಮ್ಮ ಕಡಿಮೆ ಮಾತಿನವಳು. ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಏನು ತಿಂತಾಳೆ?"

"ಹಾಲು," ಅಂದ ಅಜ್ಜ.

"ಹಾಲು ಬಿಟ್ಟು?"

ಅಜ್ಜ ಸೊಸೆಯ ಕಡೆ ನೋಡಿದ. ಸೊಸೆ ನೆಲ ನೋಡಿದಳು.

"ಹಾಲು ಎಷ್ಟು?"

"ಐದು ಬಾಟಲಿ. ಆಮೇಲೆ ಕೊಸರು. ಎಲ್ಲಾ ಸೇರಿ ಒಂದೂವರೆ ಲೀಟರ್ ಆಗಬಹುದು. ನಮ್ಮನೇ ಹಾಲು ಡಾಕ್ಟರಮ್ಮ, ಒಂದು ತೊಟ್ಟು ನೀರು ಹಾಕಲ್ಲ."

ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ನಿಂತಿತು. "ಅಜ್ಜಾ, ಹಾಲೇ ಇವಳಿಗೆ ಹೀಗೆ ಮಾಡಿರೋದು."

ಅಜ್ಜನಿಗೆ ಯಾರೋ ಬೇರೆಯವರ ವಿಷಯ ಹೇಳುತ್ತಿದ್ದಾರೆ ಅನ್ನಿಸಿತು. ಡಾಕ್ಟರಮ್ಮ ಬೆರಳು ಮಡಿಸದೆ, ಗದರಿಸದೆ, ಒಂದೊಂದಾಗಿ ಹೇಳುತ್ತಾ ಹೋದಳು. ರಕ್ತ ಕೆಂಪಾಗಲು ಕಬ್ಬಿಣದ ಅಂಶ ಬೇಕು. ಹಾಲಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹೊಟ್ಟೆಯ ತುಂಬ ಹಾಲೇ ಇದ್ದರೆ ಬೇಳೆ, ಸೊಪ್ಪು, ಮೊಟ್ಟೆಗೆ ಜಾಗ ಎಲ್ಲಿ? ಅಕಸ್ಮಾತ್ ಒಂದಿಷ್ಟು ಕಬ್ಬಿಣ ಒಳಗೆ ಹೋದರೂ ಹಾಲು ಅದನ್ನು ಮೈಗೆ ಸೇರಲು ಬಿಡುವುದಿಲ್ಲ. ಇಷ್ಟು ಎಳೆಯ ಕರುಳಿಗೆ ಹಸುವಿನ ಹಾಲು ಇಷ್ಟೊಂದು ಬಿದ್ದರೆ ಕಣ್ಣಿಗೆ ಕಾಣದ ಹಾಗೆ ರಕ್ತವೂ ಜಿನುಗಿ ಹೋಗುತ್ತದೆ. ವರ್ಷ ತುಂಬುವ ಮೊದಲು ಅದನ್ನು ಬಾಟಲಿಗೆ ಹಾಕಲೇಬಾರದಿತ್ತು.

"ಆದ್ರೆ... ದಪ್ಪಗಿದಾಳಲ್ಲ?" ಅಂದ ಅಜ್ಜ.

"ದಪ್ಪಗಿದಾಳೆ. ರಕ್ತ ಇಲ್ಲ. ಅಳದೇ ಇರೋದು ಒಳ್ಳೆ ಗುಣ ಅಲ್ಲ ಅಜ್ಜಾ, ಅಳೋಕೆ ಶಕ್ತಿ ಇಲ್ಲ. ಗೋಡೆ ಕೆರೆದು ತಿಂತಾಳಾ?"

ಇವಳಿಗೆ ಇದು ಹೇಗೆ ಗೊತ್ತಾಯಿತೆಂದು ಅಜ್ಜ ಬೆಚ್ಚಿಬಿದ್ದ. ಹೌದೆಂದು ತಲೆಯಾಡಿಸಿದ.

ಡಾಕ್ಟರಮ್ಮ ಚೀಟಿ ಬರೆದಳು. ಕಬ್ಬಿಣದ ಹನಿ, ದಿನಕ್ಕೊಮ್ಮೆ, ಬೆಳಗ್ಗೆ ಬರಿ ಹೊಟ್ಟೆಗೆ, ನಿಂಬೆ ನೀರಿನ ಜೊತೆ. ಆಮೇಲೆ ಒಂದು ಗಂಟೆ ಬಿಟ್ಟು ಊಟ. ಹಾಲು ದಿನಕ್ಕೆ ಎರಡೇ ಎರಡು ಚಿಕ್ಕ ಲೋಟ, ಅದೂ ಊಟ ಆದ ಮೇಲೆ. ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡಿ. ಔಷಧಿ ಮಗುವಿನ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ, ಶೀಶೆಯಷ್ಟನ್ನೂ ಒಮ್ಮೆಗೇ ಕುಡಿದರೆ ವಿಷ. ಕೊನೆಯದನ್ನು ಎರಡು ಸಲ ಹೇಳಿದಳು: "ಹನೀನ ಹಾಲಲ್ಲಿ ಹಾಕ್ಬೇಡಿ. ಹಾಲಲ್ಲಿ ಹಾಕಿದ್ರೆ ಕೊಟ್ಟ ಹಾಗೇ ಅಲ್ಲ. ಸದ್ಯ ಉಸಿರು ಸರಿ ಇದೆ, ಅದಕ್ಕೇ ಮನೆಗೆ ಕಳಿಸ್ತಿದೀನಿ. ಏದುಸಿರು ಬಂದ್ರೆ ಒಂದು ನಿಮಿಷ ಕಾಯ್ಬೇಡಿ, ರಕ್ತ ಹಾಕ್ಬೇಕಾಗುತ್ತೆ. ಎರಡು ವಾರಕ್ಕೆ ಬನ್ನಿ."

ಮನೆಗೆ ಬಂದ ಅಜ್ಜ ಕೊಟ್ಟಿಗೆಗೆ ಹೋಗಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ. ಮೂರು ಹಸುಗಳೂ ಮೇವು ಅಗಿಯುತ್ತಾ ಅವನನ್ನು ನೋಡಿದವು. ನಲವತ್ತು ವರ್ಷ ಅವನು ಯಾವುದನ್ನು ನಂಬಿ ಬದುಕಿದ್ದನೋ, ಯಾವುದನ್ನು ಬೇರೆಯವರ ಮಕ್ಕಳಿಗೂ ಒಂದು ಗುಟುಕು ಜಾಸ್ತಿಯೇ ಹಾಕಿದ್ದನೋ, ಅದೇ ತನ್ನ ಮನೆಯ ಕೂಸಿನ ರಕ್ತ ಹೀರಿದೆ ಅಂದರೆ ತಲೆಗೆ ಹೋಗುವ ಮಾತೇ? ಅವನು ಎದ್ದು ಹೋಗಿ ಮಲಗಿದ್ದ ಕೂಸಿನ ಕೆಳರೆಪ್ಪೆ ಎಳೆದು ನೋಡಿದ. ಒಳಗೆ ಕೆಂಪು ಇರಲಿಲ್ಲ. ಎಂಟು ತಿಂಗಳು ಆ ಮುಖವನ್ನು ಮುದ್ದಾಡಿದವನು ಒಂದು ದಿನವಾದರೂ ಅಲ್ಲಿ ನೋಡಿರಲಿಲ್ಲ.

ಮರುದಿನ ಸೊಸೆ ಹೋಗುವ ಮುಂಚೆ ಎಲ್ಲ ಜೋಡಿಸಿಟ್ಟಳು. ಹನಿಯ ಶೀಶೆ, ಅದರ ರಬ್ಬರ್ ಪಿಚಕಾರಿ, ಚಿಕ್ಕ ಬಟ್ಟಲಲ್ಲಿ ನಿಂಬೆ ನೀರು, ಹಿಚುಕಿದ ಬೇಳೆ, ಅರ್ಧ ಮೊಟ್ಟೆ. "ಮಾವ, ಅಳ್ತಾಳೆ. ಬಿಡ್ಬೇಡಿ."

"ನಂಗೆ ಹೇಳಿಕೊಡ್ತೀಯಾ? ಹೋಗು, ಬಸ್ಸು ತಪ್ಪುತ್ತೆ."

ಬಸ್ಸಿನ ಸದ್ದು ದೂರವಾಗುತ್ತಲೇ ಅಜ್ಜ ಪಿಚಕಾರಿ ತುಂಬಿಸಿ ಕೂಸಿನ ನಾಲಿಗೆಯ ಮೇಲೆ ಬಿಟ್ಟ. ಕೂಸು ಮುಖ ಹಿಂಡಿ ಅಷ್ಟನ್ನೂ ಉಗಿಯಿತು. ಅಜ್ಜನ ಬಿಳಿ ಅಂಗಿಯ ತುಂಬ ತುಕ್ಕಿನ ಬಣ್ಣದ ಚುಕ್ಕೆ. ಮತ್ತೆ ತುಂಬಿಸಿ ಮತ್ತೆ ಬಿಟ್ಟ. ಈ ಸಲ ಕೂಸು ಅತ್ತಿತು. ಅಳು ಏರಿತು, ಏರಿದಲ್ಲೇ ಸಿಕ್ಕಿಕೊಂಡಿತು. ಬಾಯಿ ತೆರೆದಿದೆ, ದನಿ ಇಲ್ಲ. ತುಟಿ ನೀಲಿಯಾಯಿತು. ಕಣ್ಣು ಮೇಲಾಯಿತು. ಮೈ ಒದ್ದೆ ಬಟ್ಟೆಯ ಹಾಗೆ ಅವನ ತೋಳಿನ ಮೇಲೆ ಜೋತುಬಿತ್ತು.

ಅಜ್ಜ ಅವಳ ಬೆನ್ನು ತಟ್ಟಿದ, ಕೆನ್ನೆ ತಟ್ಟಿದ. "ಬೆಣ್ಣೆ! ಏ ಬೆಣ್ಣೆ! ಅಮ್ಮಾ!" ಎಂದು ಯಾರನ್ನು ಕೂಗುತ್ತಿದ್ದೇನೆಂದು ತಿಳಿಯದೆ ಕೂಗಿದ. ಎಷ್ಟು ಹೊತ್ತೋ, ಬಹುಶಃ ಹತ್ತಕ್ಕೆ ಎಣಿಸುವಷ್ಟು. ಕೂಸು ಒಮ್ಮೆಲೇ ಉಸಿರೆಳೆದುಕೊಂಡು, ಸಣ್ಣಗೆ ನರಳಿ, ಅವನ ಹೆಗಲಿಗೆ ಮುಖ ಒತ್ತಿ ನಿದ್ದೆಹೋಯಿತು. ಅಜ್ಜ ಗೋಡೆಗೆ ಒರಗಿ ಕೂತುಬಿಟ್ಟ. ಮಧ್ಯಾಹ್ನದವರೆಗೂ ಅವಳನ್ನು ಕೆಳಗಿಳಿಸಲಿಲ್ಲ.

ಸಂಜೆ ಸೊಸೆ ಬಂದು, "ಹನಿ ಕುಡಿದ್ಲಾ?" ಎಂದು ಕೇಳಿದಳು.

"ಕುಡಿದ್ಲು," ಅಂದ. ಅಂಗಿ ಆಗಲೇ ಒಗೆದು ಹಾಕಿದ್ದ.

ಮಾರನೆಯ ಬೆಳಗ್ಗೆ ಪಿಚಕಾರಿ ಕೈಗೆತ್ತಿಕೊಂಡ. ಕೂಸು ಪಿಚಕಾರಿ ನೋಡಿದ್ದೇ ತುಟಿ ಬಿಗಿಹಿಡಿಯಿತು. ಅಜ್ಜ ಅತ್ತಿತ್ತ ನೋಡಿದ, ಮನೆಯಲ್ಲಿ ಯಾರೂ ಇಲ್ಲದಿದ್ದರೂ. ಹನಿಯನ್ನು ಬಾಟಲಿಯ ಹಾಲಿಗೆ ಬಿಟ್ಟು ಕುಲುಕಿದ. ಕೂಸು ಗಟಗಟನೆ ಕುಡಿದು ನಕ್ಕಿತು. ಹೊಟ್ಟೆಗೆ ಹೋಯಿತಲ್ಲ, ಅಷ್ಟೇ ತಾನೇ? ಹೊಟ್ಟೆಗೆ ಹೋದದ್ದು ಮೈಗೆ ಸೇರದೆ ಇನ್ನೆಲ್ಲಿಗೆ ಹೋಗುತ್ತದೆ? ಡಾಕ್ಟರಮ್ಮನಿಗೆ ಪುಸ್ತಕ ಗೊತ್ತು, ಹಾಲು ಗೊತ್ತಿದೆಯೇ? ಹೀಗೆಲ್ಲ ತನಗೆ ತಾನೇ ವಕೀಲಿಕೆ ಮಾಡಿಕೊಂಡ. ಉಳಿದ ನಿಂಬೆ ನೀರನ್ನು ಚೆಲ್ಲಲು ಮನಸ್ಸಾಗದೆ ತಾನೇ ಕುಡಿದ. ಬಾಟಲಿಯನ್ನು ತಾನೇ ತೊಳೆದು ಮಗುಚಿಟ್ಟ.

ಅದೇ ರೂಢಿಯಾಯಿತು. ಹಾಲು ಎರಡು ಲೋಟಕ್ಕೆ ಇಳಿಸಿದ್ದನೇನೋ ಹೌದು. ಆದರೆ ಕೈ ಯಾರಪ್ಪನ ಮಾತು ಕೇಳಬೇಕು? ಮೊದಲ ಲೋಟಕ್ಕೆ ಒಂದು ಕೊಸರು, ಎರಡನೆಯದಕ್ಕೆ ಒಂದು, ಹನಿ ಕುಡಿಸುವ ಬಾಟಲಿ ಲೆಕ್ಕಕ್ಕಿಲ್ಲ, ಮಧ್ಯಾಹ್ನ ಬೇಳೆ ಉಗಿದಾಗ ಪಾಪ ಎಂದು ಅರ್ಧ. ಸಂಜೆ ಸೊಸೆ ಕೇಳಿದಾಗಲೆಲ್ಲ, "ಎರಡೇ ಲೋಟ" ಎನ್ನುತ್ತಿದ್ದ. ಅದು ಸುಳ್ಳೆಂದು ಅವನಿಗೆ ಅನ್ನಿಸಲೇ ಇಲ್ಲ. ಕೊಸರನ್ನು ಯಾರಾದರೂ ಅಳತೆಯಲ್ಲಿ ಸೇರಿಸುತ್ತಾರೆಯೇ?

ಎರಡು ವಾರಕ್ಕೆ ಮತ್ತೆ ಹೋದರು. ಈ ಸಲ ಕೊಳವೆಯಲ್ಲಿ ರಕ್ತ ತೆಗೆದು ಒಳಗೆ ಕಳಿಸಿದರು. ಅರ್ಧ ಗಂಟೆ ಕಾದ ಮೇಲೆ ಕರೆ ಬಂತು. ಡಾಕ್ಟರಮ್ಮನ ಮೇಜಿನ ಮೇಲೆ ಚೀಟಿ. ಅವಳು ಅದನ್ನೇ ನೋಡುತ್ತಿದ್ದಳು.

"ಐದು," ಅಂದಳು. "ಏರಬೇಕಿತ್ತು. ಇಳಿದಿದೆ."

ಸೊಸೆ ಕೂಸನ್ನು ಬಿಗಿಯಾಗಿ ಅವಚಿಕೊಂಡಳು.

"ಹನಿ ದಿನಾ ಕೊಟ್ರಾ?"

"ಕೊಟ್ವಿ," ಅಂದಳು ಸೊಸೆ.

"ಬರಿ ಹೊಟ್ಟೆಗೆ? ನಿಂಬೆ ನೀರಿನ ಜೊತೆ?"

"ಹೌದು."

"ಹಾಲಲ್ಲಿ ಹಾಕ್ಲಿಲ್ಲ ತಾನೇ?"

"ಇಲ್ಲ." ಸೊಸೆ ಮಾವನ ಕಡೆ ನೋಡದೆ ಹೇಳಿದಳು. ತನ್ನ ಮೇಲೆ ಇವಳಿಗೆಷ್ಟು ನಂಬಿಕೆ ಎಂದುಕೊಂಡ ಅಜ್ಜ ಕಿಟಕಿಯ ಕಡೆ ತಿರುಗಿದ.

ಡಾಕ್ಟರಮ್ಮ ಕುರ್ಚಿಗೆ ಒರಗಿದಳು. "ಹಾಗಾದ್ರೆ ನಾನು ಅಂದ್ಕೊಂಡಿದ್ದು ತಪ್ಪು. ಕಬ್ಬಿಣ ಸರಿಯಾಗಿ ಕೊಟ್ಟೂ ಹೀಗಂದ್ರೆ ತೊಂದರೆ ಬೇರೆ ಕಡೆ ಇದೆ. ರಕ್ತ ತಯಾರಾಗೋ ಜಾಗದಲ್ಲೇ ಇರಬಹುದು. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡ್ತಾರೆ. ನಾಳೆನೇ ಹೋಗಿ. ಇಲ್ಲೊಂದು ಸಹಿ ಮಾಡಮ್ಮ."

ಸೂಜಿ. ಮೂಳೆಗೆ. ಅಜ್ಜ ಕೂಸಿನ ಸೊಂಟವನ್ನು ನೋಡಿದ. ದಿನಾ ಎತ್ತಿಕೊಳ್ಳುವಾಗ ಅವನ ಅಂಗೈಗೆ ಸಿಗುವ ಸೊಂಟ. ಸೊಸೆ ಪೆನ್ನು ತೆಗೆದುಕೊಂಡಾಗಿತ್ತು. ಹೇಳಿಬಿಟ್ಟರೆ ಇವಳು ಇನ್ನು ಜನ್ಮದಲ್ಲಿ ಕೂಸನ್ನು ತನ್ನ ಕೈಗೆ ಕೊಡುವುದಿಲ್ಲ. ಹೇಳದಿದ್ದರೆ ಸೂಜಿ. ಒಂದು ಕ್ಷಣ, ಬರೀ ಒಂದು ಕ್ಷಣ, ಅವನು ಸುಮ್ಮನಿದ್ದ. ಆ ಕ್ಷಣವನ್ನು ನೆನೆದರೆ ಇವತ್ತಿಗೂ ಅವನಿಗೆ ತನ್ನ ಮೇಲೆ ಅಸಹ್ಯವಾಗುತ್ತದೆ.

"ತಾಳಮ್ಮಾ," ಅಂದ. ಕಾಗದದ ಮೇಲೆ ಕೈಯಿಟ್ಟ. "ಸಹಿ ಹಾಕ್ಬೇಡ. ನಾನು ಹಾಲಲ್ಲಿ ಹಾಕಿದೆ."

ಸೊಸೆ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಎಲ್ಲಾ ದಿನಾನೂ. ಮೊದಲ್ನೇ ದಿನ ಬಾಯಿಗೆ ಹಾಕಿದೆ, ಉಸಿರು ನಿಂತುಹೋಯ್ತು. ನೀಲಿಯಾಗ್ಬಿಟ್ಲು. ಸತ್ತೇಹೋದ್ಲು ಅಂದ್ಕೊಂಡೆ ಡಾಕ್ಟರಮ್ಮ. ಆಮೇಲೆ ಧೈರ್ಯ ಬರ್ಲಿಲ್ಲ. ಹಾಲೂ ಎರಡು ಲೋಟ ಅಲ್ಲ. ಎಷ್ಟೋ ನಂಗೇ ಗೊತ್ತಿಲ್ಲ." ಅರವತ್ತೆಂಟು ವರ್ಷದ ಮುದುಕ ಎಲ್ಲರೆದುರು ಮುಖ ಮುಚ್ಚಿಕೊಂಡು ಅತ್ತ.

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬರೆದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟಳು. "ಉಸಿರು ಕಟ್ಟೋದೂ ಇದೇ ಕಾಯಿಲೆಯಿಂದ ಆಗಬಹುದು ಅಜ್ಜಾ. ನೋಡೋಕೆ ಭಯ, ಆದ್ರೆ ತಾನಾಗೇ ಉಸಿರು ಬರುತ್ತೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ, ಕಾಯಿರಿ. ಒಂದು ನಿಮಿಷ ದಾಟಿದ್ರೆ ಎತ್ಕೊಂಡು ಇಲ್ಲಿಗೆ ಓಡಿ. ರಕ್ತ ಬರಬೇಕು ಅಂದ್ರೆ ಹನಿ ಹೋಗ್ಲೇಬೇಕು. ಹತ್ತು ದಿನ ಕೊಡ್ತೀನಿ. ಈ ಹತ್ತು ದಿನ ಹಾಲು ಒಂದು ತೊಟ್ಟೂ ಬೇಡ. ಆಗಲೂ ಏರದಿದ್ರೆ ಸೂಜಿ."

ದಾರಿಯುದ್ದಕ್ಕೂ ಸೊಸೆ ಮಾತಾಡಲಿಲ್ಲ. ಅಜ್ಜ ನಾಲ್ಕು ಹೆಜ್ಜೆ ಹಿಂದೆ ನಡೆದ. ಇವಳು ಫ್ಯಾಕ್ಟರಿ ಬಿಡುತ್ತಾಳೆ, ಇಲ್ಲವೇ ಕೂಸನ್ನು ತವರಿಗೆ ಕಳಿಸುತ್ತಾಳೆ ಎಂದೇ ಅಂದುಕೊಂಡಿದ್ದ. ಮರುದಿನ ಬೆಳಗ್ಗೆ ನೋಡಿದರೆ ಶೀಶೆ, ಪಿಚಕಾರಿ, ನಿಂಬೆ ನೀರು ಎಲ್ಲವೂ ಎಂದಿನ ಜಾಗದಲ್ಲೇ ಇದ್ದವು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಒಂದು ಮಾತೂ ಆಡಲಿಲ್ಲ. ಅವನಿಗೆ ಅದೇ ಹೆಚ್ಚು ಭಯವಾಯಿತು.

ಆ ಹತ್ತು ದಿನ ಕೊಸರಜ್ಜ ಬದುಕಿದ್ದು ಹೇಗೆಂದು ಬೀದಿಗೆ ಗೊತ್ತು. ಕೂಸು ಹಾಲಿಗಾಗಿ ಅತ್ತಿತು, ಖಾಲಿ ಬಾಟಲಿ ಎಸೆಯಿತು, ಹಿತ್ತಲ ಬಾಗಿಲಿಗೆ ಕೈ ತೋರಿಸಿ ತೋರಿಸಿ ಅತ್ತಿತು. ಹಸು ಕರೆದು ಬಂದ ಅವನ ಕೈಯನ್ನು ಮೂಸಿ ನೆಕ್ಕಿತು. ಅಜ್ಜ ಆವತ್ತಿನಿಂದ ಕೈಗೆ ಸೋಪು ತಿಕ್ಕಿ ತೊಳೆದು ಒಳಗೆ ಬರತೊಡಗಿದ. ಹನಿ ಹಾಕುವ ಉಪಾಯವೂ ಅವನಿಗೆ ಕೊಟ್ಟಿಗೆಯಲ್ಲೇ ಸಿಕ್ಕಿತು. ಕರುವಿಗೆ ಔಷಧಿ ಕುಡಿಸುವಾಗ ನಾಲಿಗೆಯ ಮೇಲೆ ಯಾವ ದಡ್ಡ ಸುರಿಯುತ್ತಾನೆ? ಬಾಯಿಯ ಮೂಲೆಯಲ್ಲಿ ಬೆರಳಿಟ್ಟು, ದವಡೆಯ ಪಕ್ಕಕ್ಕೆ ಸ್ವಲ್ಪಸ್ವಲ್ಪವಾಗಿ ಬಿಟ್ಟು, ಗಲ್ಲ ಸವರಬೇಕು. ನಲವತ್ತು ವರ್ಷ ಮಾಡಿದ ಕೆಲಸ ಮೊಮ್ಮಗಳ ಹೊತ್ತಿಗೆ ಮರೆತಿತ್ತು, ಅಷ್ಟು ದಿಗಿಲು ಹಿಡಿದಿತ್ತು.

ಮೊದಲ ದಿನ ಹಾಗೆ ಮಾಡಿದಾಗ ಅರ್ಧ ಒಳಗೆ ಹೋಯಿತು. ಮೂರನೆಯ ದಿನ ಮತ್ತೆ ಉಸಿರು ಕಟ್ಟಿತು. ಅಜ್ಜ ಕೂಸನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಹಲ್ಲು ಕಚ್ಚಿ, ಎಣಿಸುತ್ತಾ ಕೂತ. ಒಂದು, ಎರಡು, ಮೂರು. ಏಳಕ್ಕೆ ಉಸಿರು ಬಂತು. ಕೂಸು ಕಣ್ಣು ಬಿಟ್ಟು ಅವನನ್ನು ನೋಡಿತು. ಅವನು ಕಣ್ಣೀರು ಒರೆಸಿಕೊಳ್ಳದೆ ಉಳಿದರ್ಧ ಹನಿಯನ್ನೂ ಹಾಕಿದ. ಆಮೇಲೆ ಒದ್ದೆ ಬಟ್ಟೆಯಿಂದ ಅವಳ ನಾಲ್ಕು ಹಲ್ಲನ್ನು ಕರೆ ಹಿಡಿಯದಂತೆ ಒರೆಸಿದ. ಐದನೆಯ ದಿನ, ಬೇರೇನೂ ಸಿಗದೆ ಹೊಟ್ಟೆ ಹಸಿದ ಕೂಸು ನಿಂಬೆ ಹಿಂಡಿದ ಬೇಳೆಗೆ ಬಾಯಿ ಬಿಟ್ಟಿತು. ಒಂದು ಚಮಚ, ಎರಡು ಚಮಚ, ಬಟ್ಟಲೇ ಖಾಲಿ. ಅಜ್ಜನ ಕೈ ಅಭ್ಯಾಸದಂತೆ ಇನ್ನೊಂದಿಷ್ಟಕ್ಕೆ ಪಾತ್ರೆಯ ಕಡೆ ಹೋಯಿತು. ಈ ಸಲ ಅದನ್ನು ತಡೆಯಬೇಕಾಗಿರಲಿಲ್ಲ. ಮಲ ಕಪ್ಪಗೆ ಹೋದ ದಿನ ಅವನು ಬಟ್ಟೆಯನ್ನು ಬಿಸಿಲಿಗೆ ಹಿಡಿದು ಹತ್ತು ಸಲ ನೋಡಿದ್ದನ್ನು ಕಂಡ ಇಸ್ತ್ರಿಯವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಸೊಸೆ ಸಂಜೆ ಬಂದರೆ ಅವನು ಕೇಳುವ ಮೊದಲೇ ಒಪ್ಪಿಸುತ್ತಿದ್ದ. ಎಷ್ಟು ಹೋಯಿತು, ಎಷ್ಟು ಉಗಿದಳು, ಯಾವಾಗ ಅತ್ತಳು. ಅವಳು "ಹೂಂ" ಅನ್ನುತ್ತಿದ್ದಳು. ಮುಖ ಎತ್ತುತ್ತಿರಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದು ಅಜ್ಜ ತಾನೇ ತಟ್ಟೆ ತೊಳೆದು, ತಾನೇ ಹಾಸಿಗೆ ಬಿಚ್ಚಿ, ತನ್ನ ಮನೆಯಲ್ಲಿ ತಾನೇ ಬಾಡಿಗೆಗೆ ಬಂದವನ ಹಾಗೆ ಓಡಾಡಿಕೊಂಡಿದ್ದ.

ಹತ್ತನೆಯ ದಿನದ ಮರುದಿನ ಆಸ್ಪತ್ರೆ. ರಕ್ತ ತೆಗೆಯುವಾಗ ಕೂಸು ಆಸ್ಪತ್ರೆಯೇ ಹಾರಿಹೋಗುವ ಹಾಗೆ ಕಿರುಚಿ ನರ್ಸಮ್ಮನ ಕನ್ನಡಕ ಕಿತ್ತಿತು. ಅರ್ಧ ಗಂಟೆ. ಅಜ್ಜ ಕೂರಲಿಲ್ಲ, ನಿಲ್ಲಲಿಲ್ಲ, ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೆಂಚಿಗೆ. ಕೊನೆಗೆ ಡಾಕ್ಟರಮ್ಮ ತಾನೇ ಚೀಟಿ ಹಿಡಿದು ಹೊರಗೆ ಬಂದಳು.

"ಆರು ಪಾಯಿಂಟ್ ನಾಲ್ಕು. ಸೂಜಿ ಬೇಡ. ಹನಿ ನಿಲ್ಲಿಸ್ಬೇಡಿ, ಇನ್ನೂ ತಿಂಗಳುಗಟ್ಟಲೆ ಬೇಕು. ಅಜ್ಜಾ, ಈ ಸಲ ಸರಿಯಾಗಿ ಕೊಟ್ಟಿದೀರಿ." ಅಷ್ಟು ಹೇಳಿ ಒಳಗೆ ಹೋದಳು.

ಅಜ್ಜ ಬೆಂಚಿನ ಮೇಲೆ ಕುಸಿದ. ಈಗಲಾದರೂ ಸೊಸೆಯ ಕಾಲು ಹಿಡಿದಾದರೂ ಕ್ಷಮಿಸು ಅನ್ನೋಣ ಎಂದು ತಿರುಗಿದರೆ ಅವಳು ಅಳುತ್ತಿದ್ದಳು. ಸಂತೋಷಕ್ಕೆ ಅಳುವ ಹಾಗೆ ಕಾಣಲಿಲ್ಲ.

"ಮಗಳೇ, ತಪ್ಪಾಯ್ತು. ನನ್ನಿಂದ ಕೂಸಿಗೆ..."

"ನಂಗೆ ಗೊತ್ತಿತ್ತು ಮಾವ."

"ಏನು ಗೊತ್ತಿತ್ತು?"

"ನೀವು ಹಾಲಲ್ಲಿ ಹಾಕ್ತಿದ್ದಿದ್ದು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನಾಲ್ಕನೇ ದಿನಕ್ಕೇ ಗೊತ್ತಾಯ್ತು. ಬಾಟಲಿ ತೊಳೆದಿಟ್ಟಿದ್ರಿ. ನಿಪ್ಪಲ್ ಒಳಗೆ ಹನೀದು ಕರೆ ಹೋಗಿರ್ಲಿಲ್ಲ."

ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಅಜ್ಜ ಕಾಲು ಸರಿಸಲೂ ಇಲ್ಲ.

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇಜಾರು ಮಾಡ್ಕೊಂಡು, ನಿನ್ನ ಮಗೂನ ನೀನೇ ನೋಡ್ಕೋ ಅಂದ್ಬಿಟ್ರೆ? ನಾನು ಯಾರ ಹತ್ರ ಬಿಡ್ಲಿ? ಹೀಗೇ ರಜೆ ಹಾಕ್ತಾ ಹೋದ್ರೆ ಕೆಲಸದಿಂದ ತೆಗೀತೀನಿ ಅಂದಿದಾನೆ ಮೇಲಿನವ್ನು. ಹೇಗೂ ಹೊಟ್ಟೆಗೆ ಹೋಗ್ತಿದೆಯಲ್ಲ ಅಂತ ಸುಮ್ಮನಿದ್ದೆ. ದಿನಾ ಬಂದು ಬಾಟಲಿ ನೋಡ್ತಿದ್ದೆ, ದಿನಾ ಸುಮ್ಮನಿದ್ದೆ. ಆವತ್ತು ಡಾಕ್ಟರಮ್ಮ ಸೂಜಿ ಅಂದ್ರಲ್ಲ, ಆಗಲೂ ಬಾಯಿ ಬರ್ಲಿಲ್ಲ ಮಾವ. ನೀವು ಹೇಳದೇ ಇದ್ದಿದ್ರೆ ನಾನು ಸಹಿ ಹಾಕ್ಬಿಡ್ತಿದ್ದೆ."

ಹತ್ತು ದಿನದಿಂದ ಅವಳು ತಲೆ ತಗ್ಗಿಸಿಕೊಂಡಿದ್ದು ಕೋಪಕ್ಕಲ್ಲ. ಇವಳು ಕೂಸನ್ನು ಕಿತ್ತುಕೊಂಡಾಳೆಂದು ಅಜ್ಜ ಹೆದರಿದ್ದ. ಕೂಸನ್ನು ಅವನು ಒಲ್ಲೆ ಅಂದಾನೆಂದು ಅವಳು ಹೆದರಿದ್ದಳು. ಇಬ್ಬರು ದೊಡ್ಡವರು ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಅಂಜಿಕೊಂಡು ಬಾಯಿ ಹೊಲಿದುಕೊಂಡಿದ್ದಷ್ಟೂ ದಿನ, ನಡುವೆ ಆಡುತ್ತಿದ್ದ ಮಗುವಿನ ರಕ್ತ ನೀರಾಗುತ್ತಾ ಹೋಗಿತ್ತು.

"ಕೂಸನ್ನು ಕೊಡು," ಅಂದ ಕೊನೆಗೆ.

ಅವಳು ಕೊಟ್ಟಳು. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳಿಗೆ ಕೈಬಿಡಲು ಧೈರ್ಯವಾಗಲಿಲ್ಲ. ತನ್ನ ಕೈಯೂ ನಡುಗುತ್ತಿದೆಯೆಂದು ಆಗಲೇ ಅವಳಿಗೆ ತಿಳಿದದ್ದು. ಬೆಂಚಿನಲ್ಲಿ ಕಾಯುತ್ತಿದ್ದವರೆಲ್ಲ ಹೋಗುವವರೆಗೂ ಇಬ್ಬರೂ ಮಗುವನ್ನು ಹಾಗೆ ಎರಡೂ ಕಡೆಯಿಂದ ಹಿಡಿದುಕೊಂಡೇ ಕೂತಿದ್ದರು.